ಹೊಗೆಯಿಲ್ಲದ ಮನೆ

ಸಿದ್ಧಕಟ್ಟೆಯ ಧರ್ಣಪ್ಪನ ಸಂಸಾರಕ್ಕೆ ಅಂದು ಬೆಳಿಗ್ಗೆ ಬೆಂಕಿ ಹಚ್ಚಿದ್ದು ರೇಡಿಯೋ. ಆರೋಗ್ಯದ ಭಾಷಣದಲ್ಲಿ ಒಬ್ಬ ಡಾಕ್ಟರಮ್ಮ, ಒಲೆಯ ಹೊಗೆ, ಬೀಡಿಯ ಹೊಗೆ ಎರಡೂ ಮಕ್ಕಳ ಎದೆಗೆ ಕೇಡು, ಮಗು ಕೆಮ್ಮಿದರೆ ತಂದೆಯೇ ಹೊಣೆ ಎಂದುಬಿಟ್ಟರು. ಸರಿಯಾಗಿ ಅದೇ ಹೊತ್ತಿಗೆ ಒಳಗೆ ಮೂರು ವರ್ಷದ ಮಗಳು ಕೆಮ್ಮಿದಳು. ಡಾಕ್ಟರಮ್ಮ ಹೆಸರು ಹಿಡಿದೇ ಕರೆದಂತಾಯಿತು ಧರ್ಣಪ್ಪನಿಗೆ. ವಾರದಿಂದ ಆ ಕೆಮ್ಮು ಬಿಟ್ಟಿರಲಿಲ್ಲ. ಮಗಳೆಂದರೆ ಅವನಿಗೆ ಪ್ರಾಣ. ಹೆದರಿಕೆ, ನಾಚಿಕೆ ಎರಡೂ ಒಟ್ಟಿಗೆ ಆದವು.

ಮೊದಲು ಸೊಂಟದಲ್ಲಿದ್ದ ಬೀಡಿ ಕಟ್ಟನ್ನು ಗೊಬ್ಬರದ ಗುಂಡಿಗೆ ಎಸೆದ. ಆಮೇಲೆ ಅಡುಗೆಮನೆಗೆ ನುಗ್ಗಿ, ಕುದಿಯುತ್ತಿದ್ದ ಗಂಜಿಯ ಕೆಳಗಿಂದ ಕೊಳ್ಳಿ ಎಳೆದ. ಇನ್ನು ಅಡುಗೆಯೆಲ್ಲ ಅಂಗಳದಲ್ಲಿ ಎಂದು ಹೆಂಡತಿ ಕಾವೇರಮ್ಮನಿಗೆ ಅಪ್ಪಣೆಯಾಯಿತು. ಮಳೆ ಬಂದರೆ ಏನು ಮಾಡುವುದು ಎಂದು ಅವಳು ಕೇಳಿದಳು. ಅದು ಭಾಷಣದಲ್ಲಿ ಬಂದಿರಲಿಲ್ಲವಾದ್ದರಿಂದ ಧರ್ಣಪ್ಪ ಕಲ್ಲು ಹುಡುಕಲು ಹೊರಟ.

ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದ. ಸೌದೆಯೋ ಹಸಿ. ಗಾಳಿ ಬೀಸಿ ಹೊಗೆಯೆಲ್ಲ ಬೇಲಿಯಾಚೆಯ ಲೋಕಯ್ಯನ ಮನೆ ಹೊಕ್ಕಿತು. ಲೋಕಯ್ಯನ ಹೆಂಡತಿ ಸೇಸಮ್ಮ ಕಣ್ಣೊರೆಸುತ್ತ ಬಂದಳು. ಧರ್ಣಪ್ಪನ ರೇಡಿಯೋ ನಾಲ್ಕು ಮನೆಗೆ ಕೇಳುವಂಥದ್ದು. ಭಾಷಣವನ್ನು ಅವಳೂ ಕೇಳಿದ್ದಳು.

"ನಿಮ್ಮ ಮಗುವಿಗೆ ಆಗದ ಹೊಗೆ ನಮ್ಮ ಮಕ್ಕಳಿಗೆ ಆಗ್ತದಾ ಧರ್ಣಪ್ಪಣ್ಣ?"

ಮಾತು ಸರಿಯೇ. ಆ ಒಲೆಗೂ ನೀರು ಬಿತ್ತು. ಮಧ್ಯಾಹ್ನ ಮೂವರೂ ಅವಲಕ್ಕಿ ತಿಂದರು. ಹೊಗೆಯಿಲ್ಲದ ಮನೆ ನೋಡಲು ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಹೋದರು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಧರ್ಣಪ್ಪ ಮೀಸೆ ತಿರುವುತ್ತ ಎಲ್ಲರಿಗೂ ಭಾಷಣ ಒಪ್ಪಿಸಿದ. ತಂದೆಯ ಹೊಣೆ ಏನೆಂದು ನಿಮ್ಮ ಗಂಡಂದಿರಿಗೂ ಸ್ವಲ್ಪ ಹೇಳಿ ಎಂದು ಬುದ್ಧಿವಾದ ಹೇಳಿ ಕಳಿಸಿದ. ಮಗಳು ಮಧ್ಯಾಹ್ನದ ಮೇಲೆ ಒಮ್ಮೆಯೂ ಕೆಮ್ಮಲಿಲ್ಲ. ಬೀಡಿಯಿಲ್ಲದೆ ತಲೆ ಸಿಡಿಯುತ್ತಿದ್ದರೂ ಧರ್ಣಪ್ಪನಿಗೆ ಅಂದಿನಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಸಂಜೆ ರೇಡಿಯೋದಲ್ಲಿ ಕೃಷಿಯ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಲೋಕಯ್ಯ ಬಂದ. ಅವನ ಹಿಂದೆ ಆಚೆಮನೆಯ ತುಕ್ರಪ್ಪ, ತುಕ್ರಪ್ಪನ ಹಿಂದೆ ಇನ್ನೂ ಆರು ಮಂದಿ. ಜಗಲಿಯಲ್ಲಿ ಸಾಲಾಗಿ ಕೂತು ಎಲ್ಲರೂ ಬೀಡಿ ಹಚ್ಚಿದರು.

"ಮನೆಯಲ್ಲಿ ಮಕ್ಕಳಿದ್ದಾರೆ, ಇನ್ನು ಇಲ್ಲಿ ಬೀಡಿ ಎಳೀಬಾರ್ದು ಅಂತ ಹೆಂಗಸರು ನಮ್ಮನ್ನೆಲ್ಲ ಹೊರಗೆ ಹಾಕಿದ್ರು," ಎಂದ ಲೋಕಯ್ಯ. "ನಿನ್ನಲ್ಲಿ ಹೇಗೂ ಬೇರೆ ಹೊಗೆ ಇಲ್ಲ ಮಾರಾಯ. ನಮ್ಮದಕ್ಕೆ ಜಾಗ ಉಂಟು."

ಮನೆಗೆ ಬಂದವರನ್ನು ಏಳಿ ಅನ್ನುವ ಪದ್ಧತಿ ಆ ಊರಲ್ಲಿ ಇರಲಿಲ್ಲ. ಎಂಟು ಬೀಡಿಯ ಹೊಗೆ ಹೊಸ್ತಿಲು ದಾಟಿ ಒಳಗೆ ಹೋಯಿತು, ಮಗಳು ಕೆಮ್ಮಿದಳು. ಇಡೀ ಮನೆಯಲ್ಲಿ ಇನ್ನು ಹೊಗೆಯಿಲ್ಲದ ಜಾಗವೆಂದರೆ ಅಡುಗೆಮನೆ ಒಂದೇ. ಮಗಳನ್ನು ಎತ್ತಿಕೊಂಡು ಅತ್ತ ಓಡಿದ.

ಅಲ್ಲಿ ಕಾವೇರಮ್ಮ ಹಸಿ ಸೌದೆ ತುರುಕಿ ಒಲೆ ಊದುತ್ತಿದ್ದಳು.

"ಎಂಟು ಜನ ಬಂದಿದ್ದಾರೆ," ಎಂದಳು ತಲೆಯೆತ್ತದೆ. "ಚಾ ಕೊಡದೆ ಕಳಿಸ್ಲಿಕ್ಕೆ ಆಗ್ತದಾ?"