ತ್ರಿಶಲಾಬಾಯಿಯ ವಹಿಗಳ ಉದ್ಧಾರ

ಗಂಡಸಿಗೆ ಒಳ್ಳೆಯ ಬುದ್ಧಿ ಹೊಳೆಯಿತೆಂದರೆ ಮನೆಯವರು ಹುಷಾರಾಗಿರಬೇಕು. ಏಕಸಂಬಿಯ ಹೈಸ್ಕೂಲೊಂದರ ಹೆಡ್ ಕ್ಲಾರ್ಕ್ ಜಿನೇಂದ್ರ ಮಗದುಮ್ಮರಿಗೆ ಅಂಥ ಬುದ್ಧಿ ಹೊಳೆದದ್ದು ಒಂದು ಭಾನುವಾರ, ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ.

ಮಗದುಮ್ಮರು ಶಿಸ್ತಿನ ಮನುಷ್ಯ. ಮನೆಯ ಛತ್ರಿಗಳಿಗೂ ನಂಬರು ಬರೆದಿಟ್ಟವರು. (ಇದ್ದದ್ದು ಎರಡೇ ಛತ್ರಿ. ಅದರಲ್ಲಿ ಎರಡನೇ ನಂಬರಿನದು ತೆರೆಯುತ್ತಿರಲಿಲ್ಲ.) ಮಗಳು ಕಾಜಲ ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಓದುತ್ತಾಳೆ. ಆಕೆ ತನ್ನ ಕ್ಲಾಸ್ ನೋಟ್ಸನ್ನೆಲ್ಲ ಫೋನಿನ ಆ್ಯಪ್ ಒಂದರಲ್ಲಿ ಇಟ್ಟಿದ್ದಳು. ವಿಷಯಕ್ಕೊಂದು ಫೋಲ್ಡರು, ಪಾಠಕ್ಕೊಂದು ಬಣ್ಣದ ಗುರುತು. ಹುಡುಕಿದರೆ ಕ್ಷಣದಲ್ಲಿ ಹಾಜರು. ಕೇಳಿದರೆ ಫೋನೇ ಗಟ್ಟಿಯಾಗಿ ಓದಿ ಹೇಳುತ್ತದೆ. ಮೂವತ್ತು ವರ್ಷ ಫೈಲುಗಳ ಧೂಳು ಕುಡಿದ ಮಗದುಮ್ಮರಿಗೆ ಸಾಕ್ಷಾತ್ ಸ್ವರ್ಗವೇ ಕಂಡಂತಾಗಿತ್ತು.

ಆದರೆ ಆ ಭಾನುವಾರ ಅವರು ನೋಡಿದ್ದು ಫೋನನ್ನಲ್ಲ, ಹೆಂಡತಿಯನ್ನು. ತ್ರಿಶಲಾಬಾಯಿ ಹನ್ನೊಂದು ವರ್ಷ ಬಸದಿಯ ಸ್ವಾಧ್ಯಾಯದ ಕ್ಲಾಸಿಗೆ ತಪ್ಪದೆ ಹೋಗಿ, ಪಂಡಿತರು ಹೇಳಿದ್ದನ್ನೆಲ್ಲ ಹದಿನಾಲ್ಕು ವಹಿಗಳಲ್ಲಿ ಬರೆದುಕೊಂಡಿದ್ದರು. ಕಳೆದ ವರ್ಷ ಕಾಚಬಿಂದುವಿನಿಂದ, ಅಂದರೆ ಗ್ಲಾಕೋಮಾದಿಂದ, ಅವರ ಎರಡೂ ಕಣ್ಣು ಹೋದವು. ನರ ಒಣಗಿದೆ, ದೃಷ್ಟಿ ಇನ್ನು ಬರುವುದಿಲ್ಲ ಎಂದು ಮಿರಜದ ಡಾಕ್ಟರು ಹೇಳಿದ್ದರು. ಈಗ ಕಿಟಕಿಯ ಹತ್ತಿರ ಕುಳಿತು, ಒಂದು ವಹಿಯನ್ನು ತಲೆಕೆಳಗಾಗಿ ಹಿಡಿದುಕೊಂಡು, ಒಂದೊಂದೇ ಪುಟ ತಿರುವುತ್ತಿದ್ದರು. ಮಗದುಮ್ಮರು ಹೋಗಿ ಆ ವಹಿಯನ್ನು ಅವರ ಕೈಯಲ್ಲೇ ಸರಿಯಾಗಿ ತಿರುಗಿಸಿಟ್ಟರು.

"ತ್ರಿಶಲಾ, ನಿನ್ನ ವಹಿ ಎಲ್ಲಾ ಫೋನಿನ್ಯಾಗ ಹಾಕತೇನಿ. ಅದು ಓದತೈತಿ, ನೀ ಬರೇ ಕುಂತು ಕೇಳು."

"ನನ್ನ ವಹಿ ನೀವು ಓದಾವ್ರೇನ್ರಿ?"

"ಹೂಂ ಮತ್ತ. ಓದದ ಹ್ಯಾಂಗ ಹಾಕಲಿ?"

"ಹನ್ನೊಂದು ವರ್ಷದಾಗ ಒಮ್ಮಿ ಮುಟ್ಟಿಲ್ಲ," ಎಂದು ತ್ರಿಶಲಾಬಾಯಿ ನಕ್ಕರು. "ಓದ್ರಿ. ಆಮ್ಯಾಲ ಯಾಕರ ಓದಿದ್ನೋ ಅನಬ್ಯಾಡ್ರಿ."

ಮೊದಲು ಪುಟಗಳ ಫೋಟೋ ತೆಗೆದು ಸಾಫ್ಟ್‌ವೇರಿಗೆ ಕೊಟ್ಟದ್ದಾಯಿತು. ತ್ರಿಶಲಾಬಾಯಿಯದು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುವ ಸಾಲು. ಸಾಫ್ಟ್‌ವೇರು ನಾಲ್ಕು ಪುಟ ನೋಡಿ ಬರೀ ಸೊನ್ನೆ, ಗೀಟುಗಳನ್ನು ಕೊಟ್ಟು ಕೈಚೆಲ್ಲಿತು.

"ಅಪ್ಪಾ, ಇದಕ್ಕ ಅವ್ವನ ಅಕ್ಷರ ತಿಳಿಯವಲ್ದು," ಎಂದಳು ಕಾಜಲ.

"ನನಗ ತಿಳೀತೈತಿ, ಕೊಡು ಇಲ್ಲೆ," ಎಂದು ಮಗದುಮ್ಮರು ಒಂದೇ ಬೆರಳಿನಿಂದ ಟೈಪು ಮಾಡಲು ಕುಳಿತರು.

ಪ್ರತಿ ಪಾಠಕ್ಕೂ ತಮ್ಮ ಮನೆಯದೇ ಒಂದು ಉದಾಹರಣೆ ಬರೆದುಕೊಳ್ಳಬೇಕೆಂದು ಪಂಡಿತರು ಹೇಳುತ್ತಿದ್ದರಂತೆ. ಮೊದಲ ವಹಿಯಲ್ಲೇ ಕ್ರೋಧದ ಪಾಠ ಬಂತು. 'ಉದಾ: ಇವರು. ಚಹಾದಾಗ ಸಕ್ಕರಿ ಕಡಿಮಿ ಆದಾಗ.' ಮಗದುಮ್ಮರು ಕೆಮ್ಮಿ ಮುಂದೆ ಹೋದರು. ಮಾನ, ಅಂದರೆ ಗರ್ವ. 'ಉದಾ: ಇವರು. ಹೆಡ್ ಕ್ಲಾರ್ಕ್ ಆದ ದಿನ.' ಮಾಯೆ, ಅಂದರೆ ಕಪಟ. 'ಉದಾ: ಇವರು. ಅಷ್ಟಮಿ ದಿನ ಸ್ಟ್ಯಾಂಡಿನ್ಯಾಗ ಬಟಾಟೆ ಭಜಿ ತಿಂದು ಬಾಯಿ ತೊಳಕೊಂಡು ಬಂದ್ರು.' ಜೈನರ ಮನೆಯಲ್ಲಿ ಆಲೂಗಡ್ಡೆಯಂಥ ನೆಲದೊಳಗಿನ ಗೆಡ್ಡೆ ತಿನ್ನುವಂತಿರಲಿಲ್ಲ, ಅದೂ ಅಷ್ಟಮಿಯ ವ್ರತದ ದಿನ. ಆ ಭಜಿಯ ಗುಟ್ಟು ಭಗವಂತನಿಗಷ್ಟೇ ಗೊತ್ತೆಂದು ಅವರು ಇಷ್ಟೂ ವರ್ಷ ನಂಬಿಕೊಂಡಿದ್ದರು. ಲೋಭದಲ್ಲೂ ಇವರು, ಪ್ರಮಾದದಲ್ಲೂ ಇವರು. ಕ್ಷಮೆಯ ಪಾಠ ಬಂದಾಗ ಬಹಳ ಆಸೆಯಿಂದ ಓದಿದರು. 'ಉದಾ: ನಾನು' ಎಂದಿತ್ತು.

ಸ್ವಾಧ್ಯಾಯದ ಹೆಂಗಸರು ಆಗಾಗ ತ್ರಿಶಲಾಬಾಯಿಯನ್ನು ಮಾತಾಡಿಸಲು ಮನೆಗೆ ಬರುತ್ತಾರೆ. ಅವರ ಮುಂದೆ ಫೋನು ಇದನ್ನೆಲ್ಲ ಗಂಟಲು ಬಿಚ್ಚಿ ಓದಿದರೆ? ಮಗದುಮ್ಮರು ತಮ್ಮ ಕಚೇರಿಯ ಪರಮಾಧಿಕಾರವನ್ನು ಚಲಾಯಿಸಿ ಉದಾಹರಣೆಗಳನ್ನೆಲ್ಲ ಕೈಬಿಟ್ಟರು. ಪಾಠ ಉಳಿಯಿತು, ಇವರು ಹೋದರು.

ಹನ್ನೆರಡನೆಯ ವಹಿಯ ಅಂಚಿನಲ್ಲಿ ಸಣ್ಣಗೆ ಬರೆದಿತ್ತು: 'ಎಡಗಣ್ಣಿನ ಬದಿ ಮಬ್ಬು ಕಾಣತೈತಿ. ಇವರಿಗೆ ಹೇಳಿದೆ. ಎಸ್ಸೆಸ್ಸೆಲ್ಸಿ ಪರೀಕ್ಷಿ ಮುಗೀಲಿ ಅಂದ್ರು.' ಹದಿಮೂರನೆಯದರಲ್ಲಿ: 'ಮತ್ತ ಹೇಳಿದೆ. ಚಷ್ಮಾದ ನಂಬರ ಬದಲಾಗಿರಬೇಕು ಅಂದ್ರು.'

ಟೈಪು ಮಾಡುವ ಬೆರಳು ನಿಂತಿತು. ಒಮ್ಮೆ ಹೇಳಿದ್ದು ಅವರಿಗೆ ನೆನಪಿತ್ತು. ಎರಡನೆಯದು ಮರೆತೇ ಹೋಗಿತ್ತು. ಮಿರಜಕ್ಕೆ ಕರೆದುಕೊಂಡು ಹೋಗಲು ಒಂದೇ ಒಂದು ದಿನದ ರಜೆ ಸಾಕಿತ್ತು. ಆ ವರ್ಷ ರಜೆಗಳು ಬಳಸದೆ ಉಳಿದಿದ್ದವೆಂದು ತಾವೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದರು. ಈ ಸಾಲುಗಳನ್ನೂ ಅವರು ಬಿಟ್ಟರು. ಈ ಸಲ ಮರ್ಯಾದೆಗೆ ಅಂಜಿ ಅಲ್ಲ, ತಡೆಯಲಾರದೆ.

ಹದಿನಾಲ್ಕನೆಯ ವಹಿಯಲ್ಲಿ ಅಕ್ಷರಗಳು ಗೆರೆ ಬಿಟ್ಟು ಏರಿಳಿದಿದ್ದವು. ಕೊನೆಯ ಪುಟದಲ್ಲಿ ಇಷ್ಟೇ ಇತ್ತು: 'ದರ್ಶನಾವರಣ ಕರ್ಮ. ಕಾಣೂ ಶಕ್ತಿನ ಮುಚ್ಚೂ ಕರ್ಮ. ಉದಾ:' ಅದರ ಮುಂದೆ ಖಾಲಿ. ಒಂದು ಚಮಚ ಸಕ್ಕರೆಗೂ ಗಂಡನನ್ನು ಹಿಡಿದು ಹಾಕಿದವಳು ಇಲ್ಲಿ ಬಿಟ್ಟುಬಿಟ್ಟಿದ್ದಾಳೆ! ಎಂಥ ದೊಡ್ಡ ಮನಸ್ಸು ಎಂದು ಮಗದುಮ್ಮರು ಒಬ್ಬರೇ ಕುಳಿತು ಅತ್ತರು. ಸತ್ಯ ಹೇಳಬೇಕೆಂದರೆ, ಅತ್ತ ಮೇಲೆ ಸ್ವಲ್ಪ ಹಗುರವೂ ಆದರು.

ಕೆಲಸ ಮುಗಿದ ದಿನ ತ್ರಿಶಲಾಬಾಯಿ ಗಲ್ಲಕ್ಕೆ ಕೈಯಿಟ್ಟು ಕೇಳಲು ಕುಳಿತರು. ಫೋನಿನ ಹೆಣ್ಣುದನಿ ಕ್ರೋಧ, ಮಾನ, ಮಾಯೆ ಎಲ್ಲವನ್ನೂ ಸರಾಗವಾಗಿ ಓದಿತು.

"ಇದು ನನ್ನ ವಹಿ ಅಲ್ರಿ," ಎಂದರು ತ್ರಿಶಲಾಬಾಯಿ.

"ಅಕ್ಷರಕ್ಕ ಅಕ್ಷರ ನಿಂದ ಐತಿ!"

"ಹಂಗಾದ್ರ ಭಜಿ ಎಲ್ಲಿ ಹೋತ್ರಿ?"

ಕಾಜಲ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

"ಆ ಪುಟ ಹರದಿತ್ತು," ಎಂದರು ಮಗದುಮ್ಮರು.

"ಮಾಯೆಯ ಪಾಠಕ್ಕ ಇನ್ನೊಂದು ಉದಾಹರಣೆ ಆತು. ಬರಕೋರಿ." ತ್ರಿಶಲಾಬಾಯಿಯ ನಗು ಅಲ್ಲಿಗೇ ನಿಂತಿತು. "ಪಾಠ ನನಗ ಬಾಯಿಪಾಠ ಬರತಾವ್ರಿ. ನಾ ಕೇಳಬೇಕಂದದ್ದು ನಮ್ಮ ಮನಿ. ಇನ್ನ ನನಗ ಮನಿ ಕಾಣೂದು ಅದರಾಗ ಅಷ್ಟ. ಅದನ್ನ ತಗದು ಕುಂತೀರಲ್ಲ."

ಮಗದುಮ್ಮರು ಹದಿನಾಲ್ಕೂ ವಹಿಗಳನ್ನು ಎದುರಿಗೆ ಪೇರಿಸಿಕೊಂಡರು. ಮತ್ತೆ ಮೊದಲ ವಹಿಯಿಂದ ಹಿಡಿದರು. ಸಕ್ಕರೆ, ಗರ್ವ, ಭಜಿ, ಎಲ್ಲವನ್ನೂ ಒಂದೇ ಬೆರಳಿನಿಂದ ವಾಪಸು ಹಾಕಿದರು. ಕಣ್ಣಿನ ಆ ಎರಡು ಸಾಲುಗಳನ್ನೂ ಹಾಕಿದರು. ಮೂರು ವಾರ ಹಿಡಿಯಿತು. ಕೊನೆಯ ಪುಟಕ್ಕೆ ಬಂದಾಗ ಹೆಂಡತಿಯ ಕಡೆ ತಿರುಗಿದರು.

"ಇಲ್ಲೊಂದು ಕಡೆ ನನ್ನ ಬಿಟ್ಟೀದಿ, ತ್ರಿಶಲಾ. ಆ ಉಪಕಾರ ನಾ ಮರೆಯಾಂಗಿಲ್ಲ."

"ಎಲ್ಲಿ ಬಿಟ್ಟೇನ್ರಿ?"

"ದರ್ಶನಾವರಣದ ಮುಂದ. ಉದಾಹರಣೆ ಅಂತ ಬರದು ಖಾಲಿ ಬಿಟ್ಟೀದಿ."

"ಖಾಲಿ ಬಿಟ್ಟಿಲ್ರಿ. ಬರದೇನಿ. ಪೆನ್ನಿನ್ಯಾಗ ಶಾಯಿ ತೀರಿರಬೇಕು. ನನಗ ಕಂಡಿಲ್ಲ."

ಮಗದುಮ್ಮರು ವಹಿಯನ್ನು ಕಿಟಕಿಗೆ ಒಯ್ದು ಬೆಳಕಿಗೆ ಓರೆಯಾಗಿ ಹಿಡಿದರು. ಶಾಯಿಯಿಲ್ಲದ ಪೆನ್ನು ಕಾಗದದಲ್ಲಿ ಆಳವಾಗಿ ಒತ್ತಿದ ಮೂರು ಅಕ್ಷರ ಕಂಡವು.

"ಕಣ್ಣಿದ್ದೂ ಕಾಣದವರದು ಬರೀರಿ ಅಂದಿದ್ರು ಪಂಡಿತರು," ಎಂದರು ತ್ರಿಶಲಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ.

ಮಗದುಮ್ಮರು ಬಂದು ಕುಳಿತರು. ಕನ್ನಡಕ ಒರೆಸಿಕೊಂಡು, ಖಾಲಿ ಇದ್ದ ಜಾಗದಲ್ಲಿ ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಟೈಪು ಮಾಡಿದರು. ಫೋನು ಅದನ್ನು ಸ್ಪಷ್ಟವಾಗಿ ಓದಿತು.

"ಉದಾಹರಣೆ: ಜಿನೇಂದ್ರ ಆದಪ್ಪ ಮಗದುಮ್ಮ."

ತ್ರಿಶಲಾಬಾಯಿ ಕೈ ಚಾಚಿ ಗಂಡನ ತೋಳು ಹುಡುಕಿ ಹಿಡಿದುಕೊಂಡರು.

"ಅಷ್ಟ್ಯಾಕ ಬರದ್ರಿ," ಎಂದರು. "ಇವರು ಅಂತ ಅಷ್ಟ ಬರೀರಿ. ನಾ ಬರದದ್ದು ಅಷ್ಟ."