ಹಾರ್ನ್ ಮೇಷ್ಟ್ರು ಬಾಯಿ ಮುಚ್ಚಿದ ದಿನ

ಎಲ್ಲಕ್ಕೂ ಕಾರಣ ಒಂದು ಮೊಣಕೈ. ಡ್ರೈವಿಂಗ್ ಪರೀಕ್ಷೆಯ ಹೊತ್ತಿನಲ್ಲಿ ಕಾರಿನ ಕಿಟಕಿಯಿಂದ ಆಚೆ ಚಾಚಿಕೊಂಡಿದ್ದ ಮೊಣಕೈ. ಕೈ ಚಾಚಿದವನು ಬ್ಯಾಂಕಿನ ಹುಡುಗ, ಬೈಸಿಕೊಂಡವರು ಅವನಿಗೆ ಕಾರು ಕಲಿಸಿದ ಮೇಷ್ಟ್ರು. ಇದು ಯಾವ ಸೀಮೆ ನ್ಯಾಯ, ನೀವೇ ಹೇಳಿ!

ಡ್ರೈವಿಂಗ್ ಸ್ಕೂಲಿನ ಈ ಮೇಷ್ಟ್ರಿಗೆ ಜನ ಇಟ್ಟ ಹೆಸರು ಹಾರ್ನ್ ಮೇಷ್ಟ್ರು. ಅವರು ಪಕ್ಕದ ಸೀಟಿನಲ್ಲಿ ಕೂತರೆ ಕಾರಿಗೆ ಬೇರೆ ಹಾರ್ನ್ ಬೇಕಾಗಿರಲಿಲ್ಲ. ಎದುರಿಗೆ ಬಂದವನು ಕತ್ತೆ, ಹಿಂದಿನಿಂದ ಬಂದವನು ಕೋಣ, ಪಕ್ಕದಲ್ಲಿ ನುಗ್ಗಿದವನು ಕುರುಡ. ಸ್ಟೇರಿಂಗ್ ಹಿಡಿದ ಶಿಷ್ಯನಿಗೆ ಈ ಮೂರೂ ಬಿರುದು ಒಟ್ಟಿಗೆ ಸಿಗುತ್ತಿದ್ದವು.

ಆ ಬೆಳಿಗ್ಗೆ ಮೇಷ್ಟ್ರು ಸ್ಕೂಲಿಗೆ ಬಂದಾಗ ಓನರಮ್ಮ ಮೇಜಿನ ಹಿಂದೆ ಮುಖ ಊದಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ತಮ್ಮ, ಕಾರಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ಗಿರಗಿರ ತಿರುಗಿಸುತ್ತಿದ್ದ.

"ಮೇಷ್ಟ್ರೇ, ಈ ವಾರ ಮೂರು ಜನ ಫೇಲು. ನಿನ್ನೆ ಆ ಬ್ಯಾಂಕ್ ಹುಡುಗ ಮೊಣಕೈ ಆಚೆ ಹಾಕ್ಕೊಂಡು ಒಂದೇ ಕೈಲಿ ಓಡಿಸಿದ್ನಂತೆ. ಯಾರ ಥರ?"

"ನಾನು ಹಾಗೆ ಹೇಳಿಕೊಟ್ಟಿಲ್ಲ!" ಎಂದರು ಮೇಷ್ಟ್ರು.

"ಮೊನ್ನೆ ಟೈಲರ್ ಮಗಳು ಇನ್ಸ್‌ಪೆಕ್ಟರಿಗೇ 'ಬಾಯಿ ಮುಚ್ಕೊಂಡು ಕೂತ್ಕೊಳ್ರೀ' ಅಂದ್ಳಂತೆ."

"ಅದನ್ನೂ ನಾನು ಹೇಳಿಕೊಟ್ಟಿಲ್ಲ!"

"ಅವಳಿಗಿಂತ ಮುಂಚೆ ಹೋದವನು ಬ್ರೇಕೇ ಒತ್ತಲಿಲ್ಲ. ಇನ್ಸ್‌ಪೆಕ್ಟರ್ ಕಡೆ ತಿರುಗಿ 'ಹಿಡೀರಿ ಸಾರ್, ಹಿಡೀರಿ' ಅಂತ ಕೂಗ್ತಾ ಹೋಗಿ ಟೆಸ್ಟ್ ಮೈದಾನದ ಅಂಚಲ್ಲಿಟ್ಟಿದ್ದ ಡ್ರಮ್ಮಿಗೆ ಗುದ್ದಿದ."

ಮೇಷ್ಟ್ರು ಬಲಗಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಬುಡದಲ್ಲೂ ಒಂದು ಬ್ರೇಕು ಇರುತ್ತದೆ. ಶಿಷ್ಯ ಕಾಲೆತ್ತುವ ಮೊದಲೇ ಮೇಷ್ಟ್ರು ಅದನ್ನು ತುಳಿದು ಬೈಯಲು ಶುರು ಮಾಡುತ್ತಿದ್ದರು. ಹೀಗಾಗಿ ಆ ಬಡಪಾಯಿ, ಕಾರು ನಿಲ್ಲಿಸುವುದು ಪಕ್ಕದಲ್ಲಿ ಕೂತವರ ಕೆಲಸ ಎಂದೇ ತಿಳಿದುಕೊಂಡಿದ್ದ.

"ಬಾಯಲ್ಲಿ ಹೇಳಿದ್ದು ಯಾರ ತಲೆಗೂ ಹೋಗಲ್ಲ, ಕಣ್ಣಲ್ಲಿ ನೋಡಿದ್ದೇ ಕೈಗೆ ಇಳಿಯೋದು," ಎಂದರು ಓನರಮ್ಮ. "ನಿಮ್ಮ ಸ್ಕೂಲಿಂದ ಬರೋರೆಲ್ಲ ಒಂದೇ ಅಚ್ಚು ಅಂತ ಇನ್ಸ್‌ಪೆಕ್ಟರ್ ನಗ್ತಾರೆ. ಇವತ್ತು ನರ್ಸಮ್ಮನ ಟೆಸ್ಟು. ಮೈದಾನದವರೆಗೂ ನೀವೇ ಓಡಿಸಿ. ಆದರ್ಶವಾಗಿ ಓಡಿಸಿ! ಆ ಹುಡುಗಿ ನೋಡಿ ಕಲೀಲಿ. ನಿಮ್ಮ ಬಾಯಿಂದ ಒಂದೇ ಒಂದು ಬೈಗುಳ ಬರಕೂಡದು. ಅವಳೂ ಫೇಲಾದ್ರೆ ನಾಳೆಯಿಂದ ನಿಮ್ಮ ಸೀಟಲ್ಲಿ ನನ್ನ ತಮ್ಮ."

ತಮ್ಮ ಕೀಲಿಯನ್ನು ಇನ್ನೂ ಜೋರಾಗಿ ತಿರುಗಿಸಿದ. ಮೇಷ್ಟ್ರು ಆ ಕೀಲಿಯನ್ನೇ ನೋಡಿದರು. ಕಾರು ಕಲಿಸುವುದು ಬಿಟ್ಟರೆ ಅವರಿಗೆ ಬೇರೆ ವಿದ್ಯೆ ಬಾರದು. ಕೂದಲು ನೆರೆತ ಈ ವಯಸ್ಸಿನಲ್ಲಿ ಇನ್ನೆಲ್ಲಿ ಹೋಗಿ ಯಾರ ಬಾಗಿಲು ತಟ್ಟುವುದು? ಅರ್ಧ ಊರಿಗೆ ಸ್ಟೇರಿಂಗ್ ಹಿಡಿಯುವುದು ಕಲಿಸಿದವರನ್ನು ಒಂದು ಮೊಣಕೈ ನೆಪದಲ್ಲಿ ಆಚೆ ತಳ್ಳುವುದೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ನರ್ಸಮ್ಮ ಎಂದರೆ ಆಗಷ್ಟೇ ನರ್ಸಿಂಗ್ ಮುಗಿಸಿದ್ದ, ಮಾತು ಕಡಿಮೆ ಇದ್ದ ಹುಡುಗಿ. ಹಳ್ಳಿ ಹಳ್ಳಿ ಸುತ್ತುವ ಆಸ್ಪತ್ರೆ ವ್ಯಾನಿನಲ್ಲಿ ಅವಳಿಗೊಂದು ಕೆಲಸ ಕಾದಿತ್ತು, ಆದರೆ ವ್ಯಾನನ್ನೂ ಅವಳೇ ಓಡಿಸಬೇಕಿದ್ದರಿಂದ ಲೈಸೆನ್ಸ್ ಇಲ್ಲದೆ ಅದು ಕೈಗೆ ಸಿಗುವಂತಿರಲಿಲ್ಲ. ಅವಳು ಮೇಷ್ಟ್ರ ಪಕ್ಕ ಕೂತಳು. ಹಿಂದಿನ ಸೀಟಿನಲ್ಲಿ ಅಕ್ಕ-ತಮ್ಮ ಇಬ್ಬರೂ ಕಾವಲು ಕೂತರು.

ಮೇಷ್ಟ್ರು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ತುಟಿ ಬಿಗಿದು ಹೊರಟರು. ಮೊದಲ ತಿರುವಿನಲ್ಲೇ ತರಕಾರಿ ಗಾಡಿಯವನೊಬ್ಬ ಅಡ್ಡ ಬಂದ. ನಾಲಿಗೆಯ ತುದಿಗೆ ಬಂದ ಕತ್ತೆಯನ್ನು ಮೇಷ್ಟ್ರು ಹಲ್ಲು ಕಚ್ಚಿ ಒಳಗೇ ಕಟ್ಟಿಹಾಕಿದರು.

"ಹೋಗಿ ಅಣ್ಣಾ, ನಿಧಾನವಾಗಿ ಹೋಗಿ," ಎಂದರು.

ಗಾಡಿಯವನು ಬೆದರಿ ಗಾಡಿಯನ್ನು ನಡುರಸ್ತೆಯಲ್ಲೇ ನಿಲ್ಲಿಸಿಬಿಟ್ಟ. "ಯಾಕ್ ಸ್ವಾಮಿ, ಹಿಂದೆ ಪೊಲೀಸ್ನೋರು ಬರ್ತಿದಾರಾ?"

ವೃತ್ತದ ಹತ್ತಿರ ಇನ್ನೊಂದು ಫಜೀತಿ. ಆದರ್ಶ ಚಾಲಕ ಬೇರೆಯವರಿಗೆ ದಾರಿ ಬಿಡಬೇಕಲ್ಲ, ಮೇಷ್ಟ್ರು ಬಿಟ್ಟರು. ಒಬ್ಬರಿಗೆ ಬಿಟ್ಟರೆ ಹಿಂದೆಯೇ ಹತ್ತು ಜನ ನುಗ್ಗಿದರು. ಇರುವೆ ಸಾಲು ಮುಗಿದರೂ ಆ ಸಾಲು ಮುಗಿಯಲಿಲ್ಲ. ಹಿಂದಿದ್ದವರೆಲ್ಲ ಹಾರ್ನ್ ಬಡಿದು ಬಡಿದು ಮೇಷ್ಟ್ರ ವಂಶವನ್ನೆಲ್ಲ ಜಾಲಾಡಿದರು. ಮೇಷ್ಟ್ರ ಕಿವಿ ಕೆಂಪಾಯಿತು. ಬಾಯಿ ಮಾತ್ರ ತೆರೆಯಲಿಲ್ಲ.

"ನಾನಾಗಿದ್ರೆ ಇಷ್ಟೊತ್ತಿಗೆ ಮೈದಾನದಲ್ಲಿರ್ತಿದ್ದೆ," ಎಂದ ತಮ್ಮ ಹಿಂದಿನಿಂದ.

"ಹೌದು ತಮ್ಮಾ, ನಿಮ್ಮ ಮಾತು ನಿಜ," ಎಂದರು ಮೇಷ್ಟ್ರು.

ಅಷ್ಟರಲ್ಲಿ ಹಾಲಿನ ವ್ಯಾನಿನವನು ಎದುರಾದ. ಅವನಿಗೂ ಮೇಷ್ಟ್ರಿಗೂ ಎಷ್ಟೋ ವರ್ಷಗಳ ಬೈಗುಳದ ಸ್ನೇಹ. ಒಬ್ಬರನ್ನೊಬ್ಬರು ಬೈದುಕೊಳ್ಳದೆ ಇಬ್ಬರಿಗೂ ಬೆಳಗಾಗುತ್ತಿರಲಿಲ್ಲ. ವಾಡಿಕೆಯಂತೆ ಅವನು ಕನ್ನಡಿಗೆ ಕನ್ನಡಿ ತಾಗುವ ಹಾಗೆ ವ್ಯಾನ್ ತಂದು, "ಏನೋ ಮುದಿ ಹಾರ್ನೇ, ರಸ್ತೆ ನಿಮ್ಮಪ್ಪಂದಾ?" ಎಂದ.

"ತಪ್ಪು ನಂದೇ. ಕ್ಷಮಿಸಿ," ಎಂದರು ಮೇಷ್ಟ್ರು.

ಹಾಲಿನವನ ಮುಖ ಬಿಳಿಚಿಕೊಂಡಿತು. ವ್ಯಾನ್ ನಿಲ್ಲಿಸಿ, ಇಳಿದು ಬಂದು ಕಿಟಕಿಯೊಳಗೆ ತಲೆ ಹಾಕಿದ. "ಯಾಕಣ್ಣಾ ಹೀಗೆ? ಮನೇಲಿ ಎಲ್ಲಾ ಚೆನ್ನಾಗಿದಾರಾ? ಡಾಕ್ಟ್ರು ಏನಾದ್ರೂ ಹೇಳಿದ್ರಾ?" ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. "ನನ್ನ ಮೇಲೆ ಸಿಟ್ಟಿದ್ರೆ ಎರಡು ಬೈದುಬಿಡು, ಮನಸ್ಸಲ್ಲಿ ಇಟ್ಕೋಬೇಡ" ಎಂದು ಅಂಗಲಾಚಿದ. ಹಿಂದೆ ಓನರಮ್ಮ ಕೆಮ್ಮಿದರು. ಮೇಷ್ಟ್ರು ಕಣ್ಣು ಮುಚ್ಚಿ, "ದೇವರು ನಿಮಗೆ ಒಳ್ಳೇದು ಮಾಡ್ಲಿ," ಎಂದು ಕಾರು ಮುಂದೆ ಬಿಟ್ಟರು.

ಪಕ್ಕದಲ್ಲಿ ನರ್ಸಮ್ಮ ಬೆವರುತ್ತಿದ್ದಳು. "ಮೇಷ್ಟ್ರೇ, ನಿಮಗೆ ಹುಷಾರಿಲ್ವಾ? ನಾಡಿ ನೋಡ್ಲಾ?" ಎಂದು ಪಿಸುಗುಟ್ಟಿದಳು.

"ನನ್ನ ನಾಡಿ ಬೇಡ, ನಾನು ಓಡಿಸೋದು ನೋಡಮ್ಮ," ಎಂದರು ಮೇಷ್ಟ್ರು ಹಲ್ಲಿನ ಸಂದಿಯಿಂದ.

ಪರೀಕ್ಷೆಯ ಮೈದಾನದಲ್ಲಿ ಇನ್ಸ್‌ಪೆಕ್ಟರು ಹೆಲ್ಮೆಟ್ ಹಾಕಿಕೊಂಡು ಕಾರು ಹತ್ತಿದರು. ಡ್ರಮ್ಮಿನ ಪೆಟ್ಟು ಅವರಿನ್ನೂ ಮರೆತಿರಲಿಲ್ಲ. ಮೇಷ್ಟ್ರು ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ನರ್ಸಮ್ಮ ಕೂತು ಒಮ್ಮೆ ಕಣ್ಣು ಮುಚ್ಚಿದಳು, ತುಟಿಯಲ್ಲೇ ಏನೋ ಹೇಳಿಕೊಂಡಳು. ಆಮೇಲೆ ಹೊರಟಳು ನೋಡಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ! ತಿರುವಿನಲ್ಲಿ ದೀಪ ಹಾಕಿದಳು, ಏರಿನಲ್ಲಿ ಕಾರನ್ನು ಹಿಂದೆ ಜಾರಲು ಬಿಡಲಿಲ್ಲ. ನಡುವೆ ನಾಯಿಯೊಂದು ಅಡ್ಡ ಬಂದಾಗ ಮೇಷ್ಟ್ರ ಕಾಲು ತಾನಾಗಿಯೇ ಬೇಲಿಗೆ ಒದೆಯಿತು. ಅವಳು ಮೆಲ್ಲಗೆ ಬ್ರೇಕ್ ಒತ್ತಿ, ನಾಯಿಯನ್ನು ದಾಟಲು ಬಿಟ್ಟು ಮುಂದೆ ಹೋದಳು.

ಇನ್ಸ್‌ಪೆಕ್ಟರು ಇಳಿದು ಹೆಲ್ಮೆಟ್ ತೆಗೆದರು. "ಪಾಸ್! ಈ ವರ್ಷ ಇಷ್ಟು ಚೆನ್ನಾಗಿ ಓಡಿಸಿದೋರನ್ನ ನಾನು ನೋಡಿಲ್ಲ."

ಮೇಷ್ಟ್ರ ಎದೆ ಉಬ್ಬಿತು. "ನೋಡಿದ್ರಾ ಓನರಮ್ಮ? ಒಂದೇ ಒಂದು ಬೆಳಿಗ್ಗೆ! ಆದರ್ಶ ಅಂದ್ರೆ ಇದು!" ಎಂದು ಕಾರಿನಿಂದ ಕೀಲಿ ಕಿತ್ತು ತಮ್ಮನ ಮೂಗಿನ ಮುಂದೆ ಗಿರಗಿರ ತಿರುಗಿಸಿದರು.

"ಯಾರನ್ನ ನೋಡಿ ಕಲಿತ್ಯಮ್ಮ?" ಎಂದು ಇನ್ಸ್‌ಪೆಕ್ಟರು ಕೇಳಿದರು.

"ನಮ್ಮ ಮೇಷ್ಟ್ರನ್ನ ನೋಡೇ ಸಾರ್," ಎಂದಳು ನರ್ಸಮ್ಮ. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಅವರು ಏನೇನು ಮಾಡ್ತಾರೋ ಅದೊಂದೂ ಮಾಡಬಾರದು ಅಂತ ಮೊದಲ ದಿನಾನೇ ಗಟ್ಟಿ ಮಾಡ್ಕೊಂಡೆ. ಅವರು ಕೈ ಆಚೆ ಹಾಕಿದ್ರೆ ನಾನು ಒಳಗೆ ಇಡೋದು. ಅವರು ಕೂಗಿದ್ರೆ ನಾನು ಸುಮ್ಮನಿರೋದು. ಇವತ್ತು ಬೆಳಿಗ್ಗೆ ಮಾತ್ರ ಪ್ರಾಣ ಬಾಯಿಗೆ ಬಂದಿತ್ತು. ಎಲ್ಲಾ ಸರಿಯಾಗೇ ಓಡಿಸಿಬಿಟ್ರು, ಇನ್ನು ನಾನು ಯಾವುದನ್ನ ಬಿಡಬೇಕು ಅಂತಾನೇ ತಿಳೀಲಿಲ್ಲ. ಆಮೇಲೆ ಕಣ್ಮುಚ್ಚಿ ಅವರ ಹಳೇ ರೀತಿ ನೆನೆಸ್ಕೊಂಡೆ. ಆಗ ಧೈರ್ಯ ಬಂತು."

ಇನ್ಸ್‌ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಓನರಮ್ಮ ಮಾತ್ರ ನಗಲಿಲ್ಲ. ವ್ಯಾಪಾರ ಬಲ್ಲ ಹೆಂಗಸು, ಏನನ್ನೋ ಲೆಕ್ಕ ಹಾಕುತ್ತ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಸಂಜೆ ಸ್ಕೂಲಿನಲ್ಲಿ ಹೊಸ ಶಿಷ್ಯರು ಬೆಂಚಿನ ತುಂಬ ಕೂತಿದ್ದರು. ಓನರಮ್ಮ ಎದ್ದು ನಿಂತರು.

"ಮೇಷ್ಟ್ರ ಕೆಲಸ ಎಲ್ಲೂ ಹೋಗಲ್ಲ," ಎಂದರು. ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಪಾಠ ಹೇಳೋದು ಇನ್ಮೇಲೆ ನನ್ನ ತಮ್ಮ. ಮೇಷ್ಟ್ರು ಅವರ ಮಾಮೂಲಿ ರೀತೀಲೇ ಓಡಿಸಿ ತೋರಿಸ್ತಾರೆ. ಎಲ್ಲರೂ ಕಣ್ಣು ಬಿಟ್ಟು ನೋಡಿ. ಅವರು ಮಾಡೋ ಒಂದನ್ನೂ ನೀವು ಮಾಡಬೇಡಿ."

ಬೆಳಿಗ್ಗೆಯಿಂದ ಕಟ್ಟಿಹಾಕಿದ್ದ ಕತ್ತೆ, ಕೋಣ, ಕುರುಡ ಎಲ್ಲವೂ ಹಗ್ಗ ಹರಿದುಕೊಂಡವು. ಮೇಷ್ಟ್ರು ಕುರ್ಚಿ ಒದ್ದರು, ಮೇಜು ಗುದ್ದಿದರು. "ಥೂ ನಿಮ್ಮ! ಅರ್ಧ ಊರಿಗೆ ಕಾರು ಕಲಿಸಿದೋನು ನಾನು! ನನ್ನನ್ನ ಬೆದರುಬೊಂಬೆ ಮಾಡಿ ನಿಲ್ಲಿಸ್ತೀರಾ? ಮಾನ ಮರ್ಯಾದೆ ಇದೆಯಾ ನಿಮಗೆ, ಅವಿವೇಕಿಗಳಾ..." ಆಮೇಲೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಹೇಳಿದಂತೆಯೇ ಬೆಂಚಿನವರೆಲ್ಲ ಕಣ್ಣು ಬಿಟ್ಟು ನೋಡಿದರು. ಓನರಮ್ಮನ ತಮ್ಮ ಮುಂದೆ ಬಂದು ಬೆರಳು ತೋರಿಸಿದ: "ಇಲ್ಲಿ ನೋಡಿ, ಇದು ಮೊದಲನೇ ಪಾಠ. ಮುಖ ಗಮನಿಸಿ. ಮುಷ್ಟಿ ಗಮನಿಸಿ."

ಕೊನೆಯ ಸಾಲಿನಿಂದ ಒಬ್ಬಳು ಹುಡುಗಿ ಕೈ ಎತ್ತಿದಳು. "ಸಾರ್, 'ಅವಿವೇಕಿಗಳಾ' ಆದ್ಮೇಲೆ ಏನಂದ್ರು? ಹಿಂದೆ ಕೂತೋರಿಗೆ ಸರಿಯಾಗಿ ಕೇಳಿಸ್ಲಿಲ್ಲ."

"ಇನ್ನೊಂದ್ಸಲ ಹೇಳಿ ಮೇಷ್ಟ್ರೇ," ಎಂದರು ಓನರಮ್ಮ ಅಕ್ಕರೆಯಿಂದ. "ಸ್ವಲ್ಪ ನಿಧಾನವಾಗಿ."