ಗಾಜಿನ ಕೊಳವೆಯ ನೀಲಕಂಠ

ದೇವರಿಗೆ ಕೈಮುಗಿಯುವುದನ್ನು ಮರೆತವರಿಗೆ ಕ್ಷಮೆ ಇದ್ದೀತು. ಮಗಳ ಮೂತ್ರಕ್ಕೆ ಕೈಮುಗಿದವಳಿಗೆ ಏನಿದೆಯೋ ನಾನರಿಯೆ. ಮುಗಿದಿದ್ದೇನೆ, ಸುಳ್ಳು ಹೇಳುವುದಿಲ್ಲ.

ನಮ್ಮ ಗಿರಿಜೆಗೆ ಹನ್ನೊಂದು ತುಂಬುವ ಮೊದಲೇ ಸಿಹಿಮೂತ್ರದ ಕಾಯಿಲೆ ಬಂತು. ಹಿಂದಿನ ಕಾಲವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ, ಈಗ ಸೂಜಿಮದ್ದು ಬಂದಿದೆ ಎಂದರು ಮಡಿಕೇರಿಯ ಡಾಕ್ಟರು. ಅದು ಶಿವನ ಮೊದಲ ಕೃಪೆ. ಯಜಮಾನರು ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾದ್ದರಿಂದ ಅಲ್ಲಿನ ಆಸ್ಪತ್ರೆಯ ಡ್ರೆಸ್ಸರೇ ದಿನಾ ಬೆಳಿಗ್ಗೆ ಮನೆಗೆ ಬಂದು ಸೂಜಿ ಹಾಕುತ್ತಿದ್ದದ್ದು ಎರಡನೆಯದು. ಮೂತ್ರ ಪರೀಕ್ಷೆ ಮಾತ್ರ ನನ್ನ ಪಾಲು. ಗಾಜಿನ ಕೊಳವೆಯಲ್ಲಿ ನೀಲಿ ಔಷಧಿ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ಇಟ್ಟಿಗೆಯ ಕೆಂಪಾದರೆ ಸಕ್ಕರೆ ವಿಪರೀತ, ಹಸಿರಾದರೆ ಸ್ವಲ್ಪ, ನೀಲಿಯೇ ಉಳಿದರೆ ಇಲ್ಲ. ಕೆಂಪು ಬಂದರೆ ಗಿರಿಜೆಗೆ ಬೈಗುಳ, ಹಸಿರಿಗೆ ಉಪದೇಶ. ನೀಲಿ ಬಂದರೆ ನನಗದು ಸಾಕ್ಷಾತ್ ನೀಲಕಂಠ. ಕೊಳವೆಯನ್ನು ಕಿಟಕಿಯಲ್ಲಿಟ್ಟು ನಮಸ್ಕಾರ. ಒಮ್ಮೆ ಡ್ರೆಸ್ಸರ್ ನೋಡಿಬಿಟ್ಟರು. "ಅಮ್ಮೋರೆ, ಮಂಗಳಾರತಿ ತಟ್ಟೆ ತರ್ಲಾ?" ಎಂದರು.

ಸೂಜಿಯಾದ ಅರ್ಧ ಗಂಟೆಯೊಳಗೆ ತಿಂಡಿ ಕೊಡಿ ಎಂದೂ ಅವರು ದಿನಾ ಹೇಳುತ್ತಿದ್ದರು. ನಮ್ಮಲ್ಲಿ ಪೂಜೆಯಾಗದೆ ಬಾಯಿಗೆ ನೀರೂ ಬೀಳುವುದಿಲ್ಲ. ಹೇಗೋ ಪೂಜೆಯನ್ನೇ ಗಡಿಬಿಡಿಯಲ್ಲಿ ಮುಗಿಸಿ ನಿಭಾಯಿಸುತ್ತಿದ್ದೆ. ಆ ಸೋಮವಾರ ಕೊಳವೆಯಲ್ಲಿ ಹಿಂದೆಂದೂ ಕಾಣದಂಥ ನೀಲಿ! ಹಿಗ್ಗಿದೆ. ಸೂಜಿ ಮುಗಿದದ್ದೇ, "ಹೋಗವ್ವ, ಗುಡ್ಡದ ಮೇಲಿಂದ ಒಂದು ಬುಟ್ಟಿ ತುಂಬೆ ಹೂ ಕೊಯ್ಕೊಂಡು ಬಾ. ಇವತ್ತು ಪೂಜೆ ಜೋರಾಗಿ ಆಗ್ಲಿ" ಎಂದೆ.

ಹುಡುಗಿ ಗುಡ್ಡ ಹತ್ತಿ ಇಳಿದು ಬಂದಳು. ಆ ಚಳಿಯಲ್ಲೂ ಹಣೆಯೆಲ್ಲ ಬೆವರು. ನೇರ ಒಳಗೆ ಬಂದು, ನೈವೇದ್ಯಕ್ಕಿಟ್ಟ ಬೆಲ್ಲದ ಬಟ್ಟಲಿಗೆ ಕೈ ಹಾಕಿದಳು. ಆ ಕೈಗೆ ಹೊಡೆದೆ; ಬೆಲ್ಲ ನೆಲಕ್ಕೆ ಬಿತ್ತು.

"ದೇವರಿಗಿಂತ ಮೊದಲು ನಿಂಗಾ?"

"ದೇವರಿಗೆ ಹಸಿವಿಲ್ಲ ಕಣವ್ವ," ಎಂದು ತೊದಲಿ, ಗೋಡೆಗೊರಗಿ ಜಾರಿ ಕೂತಳು. ಕೈ ನಡುಗುತ್ತಿತ್ತು. ನಾಟಕ ಎಂದುಕೊಂಡೆ. ಅದೇ ಈಗಲೂ ಚುಚ್ಚುತ್ತದೆ.

ಮರೆತ ಕೊಡೆಗಾಗಿ ಡ್ರೆಸ್ಸರ್ ತಿರುಗಿ ಬಂದದ್ದು ಮೂರನೆಯ ಕೃಪೆ. ನೆಲಕ್ಕೆ ಬಿದ್ದ ಬೆಲ್ಲವನ್ನೇ ಅಭಿಷೇಕದ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿದರು. ಮಗು ಚೇತರಿಸಿಕೊಂಡ ಮೇಲೆ ನನ್ನತ್ತ ತಿರುಗಿ, "ಅಮ್ಮೋರೆ, ನೀಲಿ ಅಂದ್ರೆ ಸಕ್ಕರೆ ಹೆಚ್ಚಿಲ್ಲ ಅಂತ ಅಷ್ಟೇ. ಎಷ್ಟು ಕಮ್ಮಿ ಐತೆ ಅಂತ ಅದು ಹೇಳಲ್ಲ. ಸೂಜಿ ಇರೋ ಸಕ್ಕರೇನೂ ಇಳಿಸ್ತದೆ. ಸೂಜಿ ಹಾಕಿದ ಮಗೂನ ಹೊಟ್ಟೆಗೇನೂ ಇಲ್ದೆ ಗುಡ್ಡ ಹತ್ತಿಸ್ತೀರಲ್ಲ!" ಎಂದರು.

ಈಗ ಗಿರಿಜೆ ರೊಟ್ಟಿ ತಿಂದು ಕೈ ತೊಳೆದ ಮೇಲೆಯೇ ನೈವೇದ್ಯ. ಗುಡ್ಡಕ್ಕೆ ಹೊರಟರೆ ಲಂಗದ ತುದಿಯಲ್ಲಿ ಬೆಲ್ಲದ ಗಂಟು. "ಪಾಪ ಕಣವ್ವ, ಶಿವನಿಗೆ ಇವತ್ತೂ ಎರಡನೇ ಪಂಕ್ತಿ," ಎಂದು ಅವಳೇ ನಗುತ್ತಾಳೆ. ಶಿವನೇನೂ ತಕರಾರು ಮಾಡಿಲ್ಲ. ಅಂದೂ ನೈವೇದ್ಯ ಮೊದಲಾಗಲಿ ಎಂದು ಹಟ ಹಿಡಿದದ್ದು ಅವನಲ್ಲ, ನಾನು. ಅವನ ಕೊರಳು ನೀಲಿಯಾದದ್ದು ವಿಷದಿಂದ ಎಂದು ಮಗಳಿಗೆ ಕಥೆ ಹೇಳಿಕೊಟ್ಟವಳೂ ನಾನೇ, ಕೊಳವೆಯಲ್ಲಿ ನೀಲಿ ಕಂಡ ದಿನ ಅದನ್ನು ಮರೆತವಳೂ ನಾನೇ.